ಪಕ್ಕದ ಮನೆಯ ಪೊದೆಯನ್ನು ಬೀಜದಿಂದ ಉಳಿಸಿಕೊಂಡದ್ದು: ಒಂದು ಕ್ರ್ಯಾಬ್ ಆಪಲ್ ಪ್ರಕರಣ

ಅಮೆರಿಕದ ಮಿನೆಸೋಟ ರಾಜ್ಯದಲ್ಲಿ, ಸೇಂಟ್ ಪಾಲ್ ನಗರದ ಹೊರವಲಯದಲ್ಲಿ ಒಂದು ಕನ್ನಡ ಕುಟುಂಬ ಇದೆ. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಗಂಡನ ತಾಯಿ ಅರಸೀಕೆರೆಯಿಂದ ಬಂದು ಕೆಲವು ತಿಂಗಳು ಇದ್ದು ಹೋಗುತ್ತಾರೆ. ಅವರ ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದ ಅಜ್ಜಿಯ ಅಂಗಳದಲ್ಲಿ ಹಳೆಯ ಸಾರ್ಜೆಂಟ್ ಕ್ರ್ಯಾಬ್ ಆಪಲ್ ಪೊದೆ ಇತ್ತು. ಕ್ರ್ಯಾಬ್ ಆಪಲ್ ಅಂದರೆ ಪುಟ್ಟ ಹಣ್ಣು ಬಿಡುವ ಸೇಬಿನ ಜಾತಿ, ಸಾರ್ಜೆಂಟ್ ಅದರಲ್ಲೊಂದು ಬಗೆ. ಆಳೆತ್ತರಕ್ಕಿಂತ ಸ್ವಲ್ಪ ಜಾಸ್ತಿ, ಅಗಲ ಅದಕ್ಕಿಂತಲೂ ಹೆಚ್ಚು. ಮೇ ತಿಂಗಳಲ್ಲಿ ಕೆಂಪು ಮೊಗ್ಗು ಬಿಟ್ಟು ಅಚ್ಚ ಬಿಳಿ ಹೂವಾಗಿ ಅರಳುತ್ತಿತ್ತು. ಸೆಪ್ಟೆಂಬರ್ ಹೊತ್ತಿಗೆ ಬಟಾಣಿ ಗಾತ್ರದ ಕಡುಗೆಂಪು ಹಣ್ಣು. ಹಿಮ ಬಿದ್ದ ಮೇಲೂ ಹಕ್ಕಿಗಳು ಅದಕ್ಕೆ ಬರುತ್ತಿದ್ದವು.

2017ರಲ್ಲಿ ಅಜ್ಜಿ ಮನೆ ಮಾರಿ ಮಗಳ ಊರಿಗೆ ಹೋಗುವ ಮಾತು ಶುರುವಾಯಿತು. ಬರುವವರು ಪೊದೆ ಇಟ್ಟುಕೊಳ್ಳುತ್ತಾರೋ ಕಡಿಯುತ್ತಾರೋ ಯಾರಿಗೆ ಗೊತ್ತು? ಆ ಕನ್ನಡ ಕುಟುಂಬದ ಹೆಂಡತಿ ನನ್ನ ಸ್ನೇಹಿತೆ. ಅವಳು ನನಗೆ ಹೇಳಿದ್ದು ಇಷ್ಟು: “ಅಕ್ಕಾ, ನರ್ಸರಿಯಲ್ಲಿ ಇದೇ ಜಾತಿ ಸಿಗುತ್ತೆ ಅಂತ ಗೊತ್ತು. ಆದ್ರೆ ನಮ್ಗೆ ಈ ಗಿಡಾನೇ ಬೇಕು.”

ಬೇರೆ ಸೇಬಿನ ಗಿಡವಾಗಿದ್ದರೆ ಬೀಜದ ಮಾತೇ ಎತ್ತಬೇಡ ಎನ್ನುತ್ತಿದ್ದೆ. ಸೇಬಿನ ಹೂವು ತನ್ನದೇ ಪರಾಗವನ್ನು ಒಪ್ಪುವುದಿಲ್ಲ. ಸುತ್ತಲಿನ ಬೇರೆ ಸೇಬು ಅಥವಾ ಕ್ರ್ಯಾಬ್ ಆಪಲ್ ಮರದಿಂದ ದುಂಬಿ, ಜೇನು ತಂದ ಪರಾಗದಿಂದ ಕಾಯಿ ಕಟ್ಟುತ್ತದೆ. ಹಾಗಾಗಿ ಪ್ರತಿ ಬೀಜವೂ ಹೊಸ ಮಿಶ್ರಣ. ಮಿನೆಸೋಟ ವಿಶ್ವವಿದ್ಯಾಲಯ 1991ರಲ್ಲಿ ಬಿಡುಗಡೆ ಮಾಡಿದ ಹನಿಕ್ರಿಸ್ಪ್ ಸೇಬನ್ನೇ ನೋಡಿ. ಅದರ ಬೀಜ ಹಾಕಿದರೆ ಹನಿಕ್ರಿಸ್ಪ್ ಬರುವುದಿಲ್ಲ. ಲೋಕದಲ್ಲಿ ಆ ಹೆಸರಿನ ಮರಗಳೆಲ್ಲ ಕಸಿಯಿಂದ ಬಂದವು.

ಸಾರ್ಜೆಂಟ್‌ನ ವಿಷಯ ಬೇರೆ. ಇದರ ಬಹುಪಾಲು ಬೀಜಗಳಲ್ಲಿ ಭ್ರೂಣ ತಾಯಿಯ ಜೀವಕೋಶದಿಂದಲೇ ಹುಟ್ಟುತ್ತದೆ. ತಂದೆ ಗಿಡದ ಪಾಲು ಅದರಲ್ಲಿ ಇರುವುದಿಲ್ಲ. ಹಾಗೆ ಬಂದ ಸಸಿ ತಾಯಿಯ ಪಡಿಯಚ್ಚು. ಎಲ್ಲ ಬೀಜವೂ ಹಾಗಲ್ಲ, ನಡುವೆ ಒಂದೆರಡು ಬೆರಕೆ ಬರುತ್ತವೆ. ಆದರೆ ಒಂದು ಹಿಡಿ ಬೀಜ ಹಾಕಿದರೆ ಅದೇ ಪೊದೆ ಮತ್ತೆ ಸಿಗುತ್ತದೆ ಎಂದು ಧೈರ್ಯವಾಗಿ ಹೇಳಬಹುದು. ಈ ಗಿಡ ಅಮೆರಿಕಕ್ಕೆ ಬಂದದ್ದೂ ಬೀಜವಾಗಿಯೇ. ಬಾಸ್ಟನ್ನಿನ ಅರ್ನಾಲ್ಡ್ ಆರ್ಬೊರೇಟಂ ಎಂಬ ಮರಗಳ ಉದ್ಯಾನದ ಮೊದಲ ನಿರ್ದೇಶಕರಾಗಿದ್ದ ಚಾರ್ಲ್ಸ್ ಸಾರ್ಜೆಂಟ್ 1892ರಲ್ಲಿ ಜಪಾನಿನ ಹೊಕ್ಕೈಡೋ ದ್ವೀಪದಲ್ಲಿ, ಮುರೋರಾನ್ ಊರಿನ ಹತ್ತಿರ ಉಪ್ಪುನೀರಿನ ಜೌಗಿನ ಬಳಿ ಇದನ್ನು ಕಂಡು ಬೀಜ ತಂದರು. 1903ರಲ್ಲಿ ಸಸ್ಯಶಾಸ್ತ್ರಜ್ಞ ಆಲ್ಫ್ರೆಡ್ ರೇಡರ್ ಅದಕ್ಕೆ ಅವರದೇ ಹೆಸರಿಟ್ಟರು.

ಕ್ರ್ಯಾಬ್ ಆಪಲ್ ಕಡ್ಡಿ ನೆಟ್ಟರೆ ಬೇರು ಬಿಡುವುದು ಅಪರೂಪ. ಕಸಿ ಕಟ್ಟುವ ಕೈ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಬೀಜವೇ ಸರಿಯಾದ ದಾರಿ ಎಂದು ತೀರ್ಮಾನವಾಯಿತು.

ಮೊದಲ ಚಳಿಗಾಲ: ಒಂದೂ ಮೊಳೆಯಲಿಲ್ಲ

2017ರ ಅಕ್ಟೋಬರ್‌ನಲ್ಲಿ ಅಜ್ಜಿಯನ್ನು ಕೇಳಿ ಹಣ್ಣು ಕಿತ್ತರು. ಆಗ ಊರಿಂದ ಬಂದಿದ್ದ ತಾಯಿ ಬೀಜ ತೆಗೆಯುವ ಕೆಲಸ ತಾವೇ ವಹಿಸಿಕೊಂಡರು. ಬದನೆ, ಸೌತೆ ಬೀಜ ಮಾಡಿಟ್ಟು ಅನುಭವ ಇರುವ ಕೈ ಅದು. ಹಣ್ಣು ಹಿಚುಕಿ, ತೊಳೆದು, ನೆರಳಲ್ಲಿ ಒಣಗಿಸಿ, ಕಾಗದದ ಪೊಟ್ಟಣ ಕಟ್ಟಿ ಅಡುಗೆಮನೆಯ ಡಬ್ಬಿಯಲ್ಲಿಟ್ಟರು. ಬೀಜ ಮಾಡಿದ್ದರಲ್ಲಿ ಯಾವ ತಪ್ಪೂ ಇಲ್ಲ. ತಿರುಳಿನಲ್ಲಿ ಮೊಳಕೆ ತಡೆಯುವ ಅಂಶಗಳಿರುತ್ತವೆ, ಅದನ್ನು ಪೂರ್ತಿ ತೊಳೆಯಲೇಬೇಕು.

ಮಾರ್ಚ್‌ನಲ್ಲಿ ಕುಂಡಕ್ಕೆ ಹಾಕಿ, ಬಿಸಿಗಾಳಿ ಬರುವ ಕಿಟಕಿಯ ಹತ್ತಿರ ಇಟ್ಟು ದಿನಾ ನೀರು ಹನಿಸಿದರು. ಜೂನ್ ಬಂದರೂ ಮಣ್ಣು ಹಾಗೇ ಇತ್ತು. ನಾನು ಹೋಗಿ ಕೆದಕಿ ನೋಡಿದಾಗ ಕೆಲವು ಬೀಜ ಇನ್ನೂ ಗಟ್ಟಿಯಾಗಿದ್ದವು, ಉಳಿದವು ಕೊಳೆತಿದ್ದವು.

ಕಾರಣ ಇಷ್ಟೇ. ಬದನೆ ಬೀಜಕ್ಕೆ ಬೆಚ್ಚಗಿನ ಮಣ್ಣು, ನೀರು ಸಿಕ್ಕರೆ ಸಾಕು. ಸೇಬಿನ ಕುಲದ ಬೀಜ ಹಾಗಲ್ಲ. ಚಳಿಗಾಲ ದಾಟಿದೆ ಎಂದು ಖಾತ್ರಿಯಾಗುವವರೆಗೆ ಅದು ಏಳುವುದಿಲ್ಲ. ಹಣ್ಣು ಉದುರಿದ ಕೂಡಲೇ ಮೊಳೆತರೆ ಎಳೆ ಸಸಿ ಮುಂದಿನ ತಿಂಗಳ ಹಿಮಕ್ಕೆ ಸಾಯುತ್ತದೆ ಅಲ್ವಾ? ಅದಕ್ಕೇ ಈ ಬೀಗ. ಬೀಜ ಒದ್ದೆಯಾಗಿದ್ದು, ತಣ್ಣಗಿದ್ದು, ಉಸಿರಾಡಲು ಗಾಳಿಯೂ ಸಿಕ್ಕರೆ ಎರಡು ಮೂರು ತಿಂಗಳಲ್ಲಿ ಬೀಗ ಸಡಿಲವಾಗುತ್ತದೆ. ಒಣ ಬೀಜವನ್ನು ವರ್ಷಗಟ್ಟಲೆ ಫ್ರಿಜ್‌ನಲ್ಲಿಟ್ಟರೂ ಆಗುವುದಿಲ್ಲ, ಒದ್ದೆ ಬೀಜವನ್ನು ಬೆಚ್ಚಗಿಟ್ಟರೂ ಆಗುವುದಿಲ್ಲ. ಒದ್ದೆ ಮತ್ತು ತಂಪು ಎರಡೂ ಜೊತೆಗೇ ಬೇಕು.

ಎರಡನೇ ಸಲ, ಫ್ರಿಜ್‌ನಲ್ಲಿ

2018ರ ಅಕ್ಟೋಬರ್‌ನ ಹಣ್ಣು ಕೊನೆಯದು ಎಂದು ಎಲ್ಲರಿಗೂ ಗೊತ್ತಿತ್ತು. ಮನೆ ಮಾರಾಟವಾಗಿತ್ತು. ಈ ಸಲ ಎರಡು ದೊಡ್ಡ ಬಟ್ಟಲು ತುಂಬಾ ಕಿತ್ತರು. ಮಕ್ಕಳು ಬೀದಿ ಕೊನೆಯ ಇನ್ನೊಂದು ಕ್ರ್ಯಾಬ್ ಆಪಲ್ ಮರದ ಹಣ್ಣನ್ನೂ ತಂದರು. ಅದು ನೇರಳೆಗೆಂಪು ಎಲೆಯ, ಗುಲಾಬಿ ಹೂವಿನ ಕಸಿ ಮರ. ಅದರಿಂದ ಅದೇ ಮರ ಬರುವುದಿಲ್ಲ ಎಂದು ಮಕ್ಕಳಿಗೆ ಹೇಳಿದೆ. “ಏನು ಬರುತ್ತೋ ನೋಡೋಣ ಆಂಟಿ” ಎಂದರು. ಸರಿ, ಅದಕ್ಕೊಂದು ಬೇರೆ ಕವರ್.

ಹಣ್ಣು ನೀರಲ್ಲಿ ಕಿವುಚಿ, ತೇಲಿದ ಜೊಳ್ಳು ಚೆಲ್ಲಿ, ಮುಳುಗಿದ ಬೀಜ ಮಾತ್ರ ಇಟ್ಟುಕೊಂಡರು. ಸೇಬಿನ ಬೀಜ ಅಗಿದರೆ ಸೈನೈಡ್ ಬಿಡುವ ಅಂಶ ಅದರಲ್ಲಿದೆ. ಹಾಗಾಗಿ ಚಿಕ್ಕ ಮಕ್ಕಳ ಕೈಗೆ ಸಿಗದ ಕಡೆ ಒಣಗಿಸಲು ಹೇಳಿದ್ದೆ.

ಈ ಹಂತದಲ್ಲಿ ಹೆಚ್ಚಿನವರು ಗಮನಿಸದ ಒಂದು ಲೆಕ್ಕ ಇದೆ. ಅಕ್ಟೋಬರ್‌ನಲ್ಲೇ ಬೀಜ ಒದ್ದೆ ಮಾಡಿ ಫ್ರಿಜ್‌ಗೆ ಹಾಕಿದರೆ ಜನವರಿಗೆ ಮೊಳಕೆ ಬರುತ್ತದೆ. ಹೊರಗೆ ಇನ್ನೂ ನಾಲ್ಕು ತಿಂಗಳ ಹಿಮ. ಅಷ್ಟು ದಿನ ಸಸಿಯನ್ನು ಮನೆಯೊಳಗೆ ಕೃತಕ ಬೆಳಕಲ್ಲಿ ಸಾಕಿದರೆ ಸೊರಗಿ ಉದ್ದವಾಗುತ್ತದೆ. ಸೇಂಟ್ ಪಾಲ್‌ನಲ್ಲಿ ಸಾಮಾನ್ಯವಾಗಿ ಮೇ ಮಧ್ಯದ ಹೊತ್ತಿಗೆ ಕೊನೆಯ ಮಂಜು ಮುಗಿಯುತ್ತದೆ. ಅಲ್ಲಿಂದ ಹಿಂದಕ್ಕೆ ಎಣಿಸಬೇಕು: ಸಸಿಗೆ ಐದಾರು ವಾರ, ಅದಕ್ಕೂ ಮೊದಲು ಫ್ರಿಜ್‌ನಲ್ಲಿ 90 ದಿನ. ಹಾಗಾಗಿ ಒಣ ಬೀಜವನ್ನು ತಣ್ಣಗಿನ ನೆಲಮಾಳಿಗೆಯಲ್ಲಿಟ್ಟು, 2019ರ ಜನವರಿ ಮೊದಲ ವಾರದಲ್ಲಿ ಒಂದು ರಾತ್ರಿ ನೆನೆಸಿ, ಒದ್ದೆ ಮರಳು ಮತ್ತು ಪರ್ಲೈಟ್ (ಕುಂಡದ ಮಣ್ಣಿಗೆ ಬೆರೆಸುವ ಹಗುರ ಬಿಳಿ ಹರಳು) ಜೊತೆ ಬೆರೆಸಿ ಜಿಪ್‌ಲಾಕ್ ಕವರ್‌ಗೆ ಹಾಕಿದರು. ಮರಳನ್ನು ಮುಷ್ಟಿಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಉಂಡೆ ಮಾತ್ರ ನಿಲ್ಲಬೇಕು. ಕವರ್‌ನ ಬಾಯಿ ಪೂರ್ತಿ ಮುಚ್ಚಲಿಲ್ಲ. ತಾರೀಕು, ಗಿಡದ ಹೆಸರು ಬರೆದು ಫ್ರಿಜ್‌ನ ಕೆಳಗಿನ ತರಕಾರಿ ಅರೆಯಲ್ಲಿ, ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟರು.

ಆ ತಿಂಗಳ 30ರಂದು ಊರಲ್ಲಿ ಮೈನಸ್ 33 ಡಿಗ್ರಿ ಚಳಿ. ಶಾಲೆಗಳಿಗೆ ರಜೆ. ಹೊರಗೆ ಇಷ್ಟು ಚಳಿ ಇರುವಾಗ ಬೀಜ ಫ್ರಿಜ್‌ನಲ್ಲಿ ಯಾಕೆ, ಕುಂಡ ಹೊರಗಿಡಬಾರದಾ ಎಂದು ಗಂಡ ಕೇಳಿದರು. ಒಳ್ಳೆ ಪ್ರಶ್ನೆ. ಬೀಜದ ಬೀಗ ಸಡಿಲವಾಗುವುದು ಸೊನ್ನೆಗಿಂತ ಸ್ವಲ್ಪ ಮೇಲಿನ ತಂಪಿನಲ್ಲಿ, ಹೆಚ್ಚುಕಡಿಮೆ 1ರಿಂದ 5 ಡಿಗ್ರಿಯ ನಡುವೆ. ಹೆಪ್ಪುಗಟ್ಟಿದ ಬೀಜದೊಳಗೆ ಕೆಲಸ ನಡೆಯುವುದಿಲ್ಲ. ಹೊರಗೆ ಬಿತ್ತಿದ ಬೀಜಕ್ಕೆ ಲೆಕ್ಕಕ್ಕೆ ಬರುವುದು ನವೆಂಬರ್ ಆಸುಪಾಸಿನ ಮತ್ತು ಮಾರ್ಚ್, ಏಪ್ರಿಲ್‌ನ ದಿನಗಳು. ಹೊರಗೆ ಬಿತ್ತುವವರು ಅಕ್ಟೋಬರ್‌ನಲ್ಲೇ ಬಿತ್ತಿ, ಅಳಿಲು ಕೆದಕದಂತೆ ತಂತಿ ಬಲೆ ಮುಚ್ಚಬೇಕು. ಅದೂ ಒಳ್ಳೆಯ ದಾರಿಯೇ. ಆದರೆ ಇದು ಕೊನೆಯ ಹಣ್ಣು. ಕಣ್ಣೆದುರು ಇರಲಿ ಎಂದು ಫ್ರಿಜ್ ಆರಿಸಿಕೊಂಡೆವು. ಬೀಜವನ್ನು ಫ್ರೀಜರ್‌ಗೆ ಹಾಕುವವರೂ ಇದ್ದಾರೆ. ದಯವಿಟ್ಟು ಹಾಕಬೇಡಿ, ಒದ್ದೆ ಬೀಜ ಅಲ್ಲಿ ಸಾಯಬಹುದು.

ಮಾರ್ಚ್ ಕೊನೆಗೆ ಕವರ್‌ನೊಳಗೆ ಬಿಳಿ ಬೇರಿನ ತುದಿ ಕಾಣಿಸಿತು. ಒಂದೊಂದನ್ನೇ ಚಮಚದಲ್ಲಿ ಎತ್ತಿ, ಆಳವಾದ ಕುಂಡಗಳಲ್ಲಿ ಒಂದು ಸೆಂಟಿಮೀಟರ್ ಆಳಕ್ಕೆ ಇಟ್ಟರು. ಕುಂಡ ಆಳ ಬೇಕು, ತಾಯಿಬೇರು ಬೇಗ ಕೆಳಗಿಳಿಯುತ್ತದೆ. ಈ ಸಲ ಬಿಸಿಗಾಳಿಯ ಕಿಟಕಿ ಬೇಡ ಎಂದೆ. ತಂಪಿನಿಂದ ಬಂದ ಬೀಜವನ್ನು ತೀರಾ ಬೆಚ್ಚಗೆ ಇಟ್ಟರೆ ಇನ್ನೂ ಮೊಳೆಯದಿರುವವು ಮತ್ತೆ ನಿದ್ದೆಗೆ ಜಾರುತ್ತವೆ. ಸಾರ್ಜೆಂಟ್‌ನ ಸುಮಾರು ಅರವತ್ತು ಬೀಜಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮೊಳೆತವು. ಕೆಂಪು ಎಲೆಯ ಮರದ ಬೀಜ ಕಡಿಮೆ ಇತ್ತು, ಹನ್ನೊಂದು ಸಸಿ ಬಂದವು.

ಏಪ್ರಿಲ್ ಮಧ್ಯದಲ್ಲಿ ಕೆಲವು ಸಸಿ ಬುಡದಲ್ಲಿ ಕಪ್ಪಾಗಿ, ದಾರದಂತೆ ಸಣ್ಣಗಾಗಿ ಮಲಗಿದವು. ಇದು ಮಣ್ಣಿನ ಶಿಲೀಂಧ್ರದ ಕೆಲಸ. ಬಿದ್ದ ಸಸಿಗೆ ಮದ್ದಿಲ್ಲ. ಉಳಿದವಕ್ಕೆ ಮೇಲಿಂದ ನೀರು ಹಾಕುವುದು ನಿಲ್ಲಿಸಿ, ತಟ್ಟೆಯಿಂದ ಹೀರಿಕೊಳ್ಳಲು ಬಿಟ್ಟು, ಸಣ್ಣ ಫ್ಯಾನ್ ಇಟ್ಟಮೇಲೆ ಅಲ್ಲಿಗೆ ನಿಂತಿತು.

ಅದೇ ಬೇಸಿಗೆಯಲ್ಲಿ ಪಕ್ಕದ ಮನೆಯ ಹೊಸಬರು ಡ್ರೈವ್‌ವೇ ಅಗಲ ಮಾಡಿಸಿದರು. ಹಳೆಯ ಪೊದೆ ಹೋಯಿತು. ಆ ಹೊತ್ತಿಗೆ ಇತ್ತ ಕುಂಡಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಸಿಗಳು ಗೇಣುದ್ದ ಬೆಳೆದಿದ್ದವು.

ಯಾವುದು ತಾಯಿಯಂತೆ, ಯಾವುದು ಅಲ್ಲ

ನನಗೆ ಈ ಪ್ರಕರಣದಲ್ಲಿ ಅತಿ ಇಷ್ಟವಾದ ಭಾಗ ಇದು. ಎರಡು ಸಾಲು ಕುಂಡ ಪಕ್ಕಪಕ್ಕ ಇಟ್ಟಾಗ ಯಾರಿಗೂ ವಿವರಿಸುವ ಅಗತ್ಯವೇ ಬೀಳಲಿಲ್ಲ. ಸಾರ್ಜೆಂಟ್ ಸಸಿಗಳೆಲ್ಲ ಒಂದೇ ಎತ್ತರ, ಒಂದೇ ಹಸಿರು. ಚಿಗುರಿನ ಎಲೆಗಳಲ್ಲಿ ಮೂರು ಸೀಳು. ಇದು ಈ ಜಾತಿಯ ಗುರುತು, ಸಾಧಾರಣ ಸೇಬಿನ ಎಲೆಗೆ ಹಾಗೆ ಸೀಳಿರುವುದಿಲ್ಲ. ಒಂದೇ ಒಂದು ಸಸಿ ಬೇರೆಯವಕ್ಕಿಂತ ನೆಟ್ಟಗೆ, ಬೇಗ ಬೆಳೆಯಿತು. ಎಲೆಯಲ್ಲಿ ಸೀಳಿಲ್ಲ. ಅದು ಬೆರಕೆ ಎಂದು ಬೇರೆ ಇಟ್ಟೆವು.

ಇನ್ನೊಂದು ಸಾಲಿನಲ್ಲಿ ಒಂದರಂತೆ ಇನ್ನೊಂದಿಲ್ಲ. ಹನ್ನೊಂದರಲ್ಲಿ ಐದು ಕೆಂಪು, ಆರು ಹಸಿರು. ಬೀಜದೆಲೆ ಬಿಚ್ಚಿದ ದಿನವೇ ಕಾಂಡದ ಬಣ್ಣ ನೋಡಿ ಹೇಳಬಹುದಿತ್ತು. ಕೆಂಪು ಎಲೆಯ ಗುಣಕ್ಕೆ ಒಂದು ಪ್ರಬಲ ಜೀನ್ ಕಾರಣ. ಆ ಜೀನಿನ ಒಂದೇ ಪ್ರತಿ ಇರುವ ಮರಕ್ಕೆ ಹಸಿರು ಮರದ ಪರಾಗ ಬಿದ್ದರೆ, ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧ ಕೆಂಪಾಗಿ ಬರುತ್ತವೆ. ಶಾಲೆಯಲ್ಲಿ ಮೆಂಡೆಲ್‌ನ ಪಾಠ ಓದುತ್ತಿದ್ದ ದೊಡ್ಡ ಮಗಳಿಗೆ ಇದರಷ್ಟು ಒಳ್ಳೆಯ ಪಾಠ ಬೇರೆ ಸಿಗಲಿಕ್ಕಿಲ್ಲ.

ಮೊದಲ ಚಳಿಗಾಲಕ್ಕೆ ಕುಂಡಗಳನ್ನು ತರಕಾರಿ ಮಡಿಯಲ್ಲಿ ಅಂಚಿನವರೆಗೆ ಹೂತು, ಮೇಲೆ ಒಣಹುಲ್ಲು ಹಾಸಿ, ಸುತ್ತ ಬಲೆ ಕಟ್ಟಿದರು. ಇದನ್ನು ಬಿಡಬಾರದು. ಕ್ರ್ಯಾಬ್ ಆಪಲ್‌ನ ಕೊಂಬೆ ತಡೆಯುವಷ್ಟು ಚಳಿಯನ್ನು ಅದರ ಬೇರು ತಡೆಯುವುದಿಲ್ಲ. ನೆಲದೊಳಗೆ ಮಣ್ಣೇ ಬೇರನ್ನು ಕಾಯುತ್ತದೆ. ಹೊರಗಿಟ್ಟ ಕುಂಡದಲ್ಲಿ ನಾಲ್ಕೂ ಕಡೆಯಿಂದ ಚಳಿ ಹೊಡೆದು ಗಿಡ ಬೇರಿನಿಂದ ಸಾಯುತ್ತದೆ.

2020ರ ಮೇನಲ್ಲಿ ಎಲ್ಲರೂ ಮನೆಯಲ್ಲೇ ಇದ್ದರು. ಐದು ಸಾರ್ಜೆಂಟ್ ಸಸಿಗಳನ್ನು ಗಡಿಯ ಉದ್ದಕ್ಕೆ, ಎರಡೂವರೆ ಮೀಟರ್ ಅಂತರದಲ್ಲಿ ನೆಟ್ಟರು. ಇಷ್ಟು ಚಿಕ್ಕ ಗಿಡಕ್ಕೆ ಇಷ್ಟು ದೂರವಾ ಅನ್ನಿಸುತ್ತದೆ. ಆದರೆ ಈ ಪೊದೆ ಎತ್ತರಕ್ಕಿಂತ ಅಗಲಕ್ಕೆ ಜಾಸ್ತಿ ಹರಡುತ್ತದೆ, ಮೂರೂವರೆ ಮೀಟರ್ ದಾಟಿದ್ದೂ ಉಂಟು. ಬೆರಕೆಯನ್ನೂ ಕೆಂಪು ಸಾಲಿನವನ್ನೂ ಹಿತ್ತಲಲ್ಲಿ ನೆಟ್ಟರು. ಉಳಿದ ಸಾರ್ಜೆಂಟ್ ಸಸಿಗಳನ್ನು ಗೆಳೆಯರಿಗೆ ಕೊಟ್ಟರು. ಒಂದನ್ನು ಅಜ್ಜಿಯ ಮಗಳು ಬಂದು ತೆಗೆದುಕೊಂಡು ಹೋದರು. 2021ರ ಬೇಸಿಗೆಯಲ್ಲಿ ರಾಜ್ಯದಲ್ಲಿ ದೊಡ್ಡ ಬರ ಬಂತು. ಬುಡದ ಸುತ್ತ ಹುಲ್ಲು ತೆಗೆದು ಮರದ ಚಕ್ಕೆ ಹಾಸಿದ್ದರಿಂದ, ವಾರಕ್ಕೊಮ್ಮೆ ಆಳವಾಗಿ ನೀರು ಹರಿಸಿದ್ದರಿಂದ ಗಿಡ ಉಳಿದವು. ಚಕ್ಕೆ ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಡಬೇಕು.

ಮೊಲಗಳ ಚಳಿಗಾಲ

2022-23ರ ಚಳಿಗಾಲದಲ್ಲಿ ಈ ಊರಲ್ಲಿ ಒಟ್ಟು 90 ಇಂಚು ಹಿಮ ಬಿತ್ತು. ದಾಖಲೆಯಲ್ಲೇ ಅತಿ ಹೆಚ್ಚು ಹಿಮ ಬಿದ್ದ ಚಳಿಗಾಲಗಳಲ್ಲಿ ಅದೂ ಒಂದು. ಗಿಡಗಳ ಸುತ್ತ ಮೊಣಕಾಲೆತ್ತರದ ತಂತಿ ಬಲೆ ಇತ್ತು. ಸಾಧಾರಣ ವರ್ಷಕ್ಕೆ ಅದು ನಡೆಯುತ್ತದೆ. ಆ ವರ್ಷ ಹಿಮವೇ ಮೆಟ್ಟಿಲಾಯಿತು. ಮೊಲಗಳು ಗಟ್ಟಿಯಾದ ಹಿಮದ ಮೇಲೆ ಕೂತು, ಬಲೆಯ ಮೇಲೆ ಕಾಣುವ ಕೊಂಬೆಗಳ ತೊಗಟೆಯನ್ನೆಲ್ಲ ಸುತ್ತಲೂ ಕೆರೆದು ತಿಂದವು. ಏಪ್ರಿಲ್‌ನಲ್ಲಿ ಹಿಮ ಕರಗಿದಾಗ ಮೇಲಿನ ಅರ್ಧ ಗಿಡ ಬೆಳ್ಳಗೆ ಮೂಳೆಯಂತೆ ನಿಂತಿತ್ತು. ಸ್ನೇಹಿತೆ ಫೋನ್ ಮಾಡಿದಾಗ ಅಳುವ ದನಿ. ಐದು ವರ್ಷ ಸಾಕಿದ್ದು ಹೋಯಿತು ಎಂದಳು.

ಹೋಗಿರಲಿಲ್ಲ. ಹಿಮದಡಿಯಲ್ಲಿ ಹೂತಿದ್ದ ಕೆಳಗಿನ ಕೊಂಬೆಗಳಿಗೆ ಏನೂ ಆಗಿರಲಿಲ್ಲ. ತೊಗಟೆ ಹೋದದ್ದನ್ನು ಗಾಯದ ಕೆಳಗೆ, ಜೀವ ಇರುವ ಮೊಗ್ಗಿನ ಮೇಲೆ ಕತ್ತರಿಸಿದೆವು. ಮೇ ಬಂದಾಗ ಎರಡು ಗಿಡಗಳಲ್ಲಿ ನೆಲದ ಹತ್ತಿರದ ಕೊಂಬೆಗಳಲ್ಲೇ ಮೊದಲ ಹೂವು ಅರಳಿದವು. ಕೆಂಪು ಮೊಗ್ಗು, ಬಿಳಿ ಹೂವು, ಅದೇ ಸುವಾಸನೆ. ಬೀಜ ಮೊಳೆತು ನಾಲ್ಕು ವರ್ಷವಾಗಿತ್ತು.

ಬೀಜದಿಂದ ಬೆಳೆಸುವುದು ದಡ್ಡತನ, ನರ್ಸರಿ ಗಿಡ ತನ್ನಿ ಎನ್ನುವವರಿಗೆ ನಾನು ತೋರಿಸುವುದು ಈ ಗಿಡಗಳನ್ನೇ. ಬೇಸಿಗೆಯ ಹೊತ್ತಿಗೆ ಐದೂ ಗಿಡಗಳ ಬುಡದಿಂದ ಹೊಸ ಚಿಗುರು ಎದ್ದವು. ಗಿಡ ತನ್ನದೇ ಬೇರಿನ ಮೇಲೆ ನಿಂತಿದ್ದರಿಂದ ಆ ಚಿಗುರೂ ಸಾರ್ಜೆಂಟೇ. ಕಸಿ ಗಿಡವಾಗಿದ್ದು, ಮೊಲ ಕಸಿಯ ಗಂಟಿನ ಕೆಳಗೆ ತಿಂದಿದ್ದರೆ, ಬುಡದಿಂದ ಎದ್ದು ಬರುವುದು ಬೇರಿಗೆ ಬಳಸಿದ ಯಾವುದೋ ಸೇಬಿನ ಚಿಗುರು. ಮೊಲ ಇರುವ ಊರಲ್ಲಿ, ಪೊದೆಯಾಗಿಯೇ ಬೆಳೆಸುವ ಗಿಡಕ್ಕೆ ಸ್ವಂತ ಬೇರು ದೊಡ್ಡ ಆಸ್ತಿ. ಒಂದು ಕಾಂಡ ಹೋದರೆ ಇನ್ನೆರಡು ಬರುತ್ತವೆ. ಪೊದೆ ದಟ್ಟವಾಗುತ್ತದೆ ಅಷ್ಟೇ. ಈಗ ಬಲೆ ಎದೆಯೆತ್ತರ ಇದೆ.

2024ರ ವಸಂತದಲ್ಲಿ ಐದೂ ಗಿಡ ಮೈತುಂಬ ಹೂ ಬಿಟ್ಟವು. ಮರುವರ್ಷ ಹೂವು ಕಡಿಮೆ. ಅದು ರೋಗವಲ್ಲ, ಸಾರ್ಜೆಂಟ್‌ಗೆ ಒಂದು ವರ್ಷ ಜಾಸ್ತಿ, ಒಂದು ವರ್ಷ ಕಡಿಮೆ ಬಿಡುವ ಸ್ವಭಾವವಿದೆ. ನಮ್ಮ ಮಾವಿನ ಮರ ನೋಡಿದವರಿಗೆ ಇದು ಹೊಸದೇನಲ್ಲ.

ಹಿತ್ತಲಿನ ಹನ್ನೊಂದು

2024ರ ಮಳೆ ಹಿತ್ತಲಿನ ಸಾಲಿಗೆ ಪರೀಕ್ಷೆ ಒಡ್ಡಿತು. ವಸಂತದಿಂದ ಜೂನ್‌ವರೆಗೆ ಬಿಡದೆ ಸುರಿದಿತ್ತು. ಒದ್ದೆ ಎಲೆಯ ಮೇಲೆ ಸೇಬಿನ ಕಜ್ಜಿ ರೋಗ ಹಬ್ಬಿತು. ಮೊದಲು ಎಲೆಯಲ್ಲಿ ಮಾಸಲು ಹಸಿರು ಮಚ್ಚೆ, ಆಮೇಲೆ ಹಳದಿ, ಆಗಸ್ಟ್‌ಗೆ ಅರ್ಧ ಗಿಡ ಬೋಳು. ಹನ್ನೊಂದರಲ್ಲಿ ಏಳು ಹೀಗಾದವು. ಗಡಿಯ ಸಾಲಿನ ಸಾರ್ಜೆಂಟ್‌ಗಳಲ್ಲಿ ಅಲ್ಲೊಂದು ಇಲ್ಲೊಂದು ಮಚ್ಚೆ ಬಿಟ್ಟರೆ ಏನೂ ಇಲ್ಲ. ಈ ರೋಗವನ್ನು ತಡೆಯುವ ಗುಣ ಅದಕ್ಕೆ ತಾಯಿಯಿಂದಲೇ ಬಂದಿದೆ.

ಏಳನ್ನೂ ತೆಗೆಯಿರಿ ಎಂದೆ. ಮಕ್ಕಳಿಗೆ ಬೇಜಾರಾಯಿತು. ಔಷಧಿ ಹೊಡೆದು ಉಳಿಸಬಹುದು, ನಿಜ. ಆದರೆ ಪ್ರತಿ ವಸಂತದಲ್ಲೂ ಔಷಧಿ ಬೇಡುವ ಗಿಡವನ್ನು ಮನೆ ಹಿತ್ತಲಲ್ಲಿ ಇಟ್ಟುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಬಿದ್ದ ಎಲೆಯಲ್ಲಿ ರೋಗ ಚಳಿಗಾಲ ಕಳೆದು ಮರುವರ್ಷ ಬೀದಿಯ ಬೇರೆ ಮರಗಳಿಗೂ ಹೋಗುತ್ತದೆ. ಎಲೆಗಳನ್ನು ಗುಡಿಸಿ ಊರಿನ ಕಸದ ಗೊಬ್ಬರ ಕೇಂದ್ರಕ್ಕೆ ಕೊಟ್ಟರು. ಸಾರ್ಜೆಂಟ್‌ನ ಬೆರಕೆ ಸಸಿ ಆರೋಗ್ಯವಾಗಿದೆ, ಈಗಾಗಲೇ ಮೂರು ಮೀಟರ್ ದಾಟಿದೆ, ಹೂವು ಇನ್ನೂ ಇಲ್ಲ. ಅದು ಇರಲಿ ಎಂದು ಬಿಟ್ಟಿದ್ದಾರೆ.

ಉಳಿದ ನಾಲ್ಕರಲ್ಲಿ ಮೂರು ಹಸಿರೆಲೆಯವು, ಸಾಧಾರಣ. ನಾಲ್ಕನೆಯದು ಕೆಂಪು ಎಲೆಯದು. ಕಡುಗುಲಾಬಿ ಹೂವು, ಗೋಲಿ ಗಾತ್ರದ ಹಣ್ಣು, ಎಲೆಯಲ್ಲಿ ಮಚ್ಚೆಯ ಸುಳಿವೂ ಇಲ್ಲ. ಬೀದಿಯ ತಾಯಿ ಮರಕ್ಕಿಂತ ಇದು ಚೆನ್ನಾಗಿದೆ. ಹಣ್ಣು ತೀರಾ ಹುಳಿ. ಅರಸೀಕೆರೆಯ ತಾಯಿ ಬೀಜ ತೆಗೆದು, ಬೆಲ್ಲ, ಮೆಣಸಿನಪುಡಿ, ಇಂಗು ಹಾಕಿ ಗೊಜ್ಜು ಮಾಡಿದರು. ಹುಣಸೆಹಣ್ಣೇ ಬೇಕಾಗಲಿಲ್ಲ.

ಇದನ್ನು ಕೇಳಿ ಬೆಂಗಳೂರಲ್ಲಿರುವ ಗಂಡನ ಅಣ್ಣ ತಮಗೂ ಬೀಜ ಬೇಕೆಂದರು. ಬೇಡ ಎಂದೆವು. ಫ್ರಿಜ್‌ನಲ್ಲಿಟ್ಟು ಬೀಜವನ್ನೇನೋ ಅಲ್ಲೂ ಮೊಳೆಯಿಸಬಹುದು. ಆದರೆ ಬೆಳೆದ ಗಿಡಕ್ಕೂ ಪ್ರತಿ ವರ್ಷ ವಾರಗಟ್ಟಲೆ ಚಳಿ ಬೇಕು. ಅದು ಸಿಗದಿದ್ದರೆ ಮೊಗ್ಗು ಸರಿಯಾಗಿ ಒಡೆಯುವುದಿಲ್ಲ. ಗಿಡವನ್ನು ಫ್ರಿಜ್‌ನಲ್ಲಿಡಲು ಆಗುವುದಿಲ್ಲವಲ್ಲ. ಜೊತೆಗೆ ಭಾರತಕ್ಕೆ ಬೀಜ ತರಬೇಕಾದರೆ ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು. ಸುಮ್ನೆ ಚೀಲದಲ್ಲಿ ಹಾಕಿಕೊಂಡು ಹೋಗುವ ವಸ್ತುವಲ್ಲ ಅದು.

ಆ ಕೆಂಪು ಗಿಡವನ್ನು ಇನ್ನೊಬ್ಬರಿಗೆ ಕೊಡಬೇಕೆಂದರೆ ಅದರ ಬೀಜದಿಂದ ಆಗುವುದಿಲ್ಲ, ಮತ್ತೆ ಹನ್ನೊಂದು ಬಗೆ ಬರುತ್ತವೆ. ಕಸಿಯೇ ಬೇಕು. ಹಾಗಾಗಿ ದೊಡ್ಡ ಮಗಳು ಈಗ ನನ್ನ ಹತ್ತಿರ ಕಸಿ ಕಲಿಯುತ್ತಿದ್ದಾಳೆ. ಮಾರ್ಚ್‌ನಲ್ಲಿ ಮೊಗ್ಗು ಏಳುವ ಮೊದಲು ಪೆನ್ಸಿಲ್ ದಪ್ಪದ ಕಡ್ಡಿ ಕತ್ತರಿಸಿ, ಒದ್ದೆ ಕಾಗದದಲ್ಲಿ ಸುತ್ತಿ ಫ್ರಿಜ್‌ನಲ್ಲಿಡುತ್ತೇವೆ. ಏಪ್ರಿಲ್ ಕೊನೆಗೆ ಬೇರಿನ ಗಿಡದಲ್ಲಿ ರಸ ಏರಿದಾಗ ಕಟ್ಟುತ್ತೇವೆ. ಬೇರಿಗೆ ಈ ಊರಿನ ಚಳಿ ತಡೆದುಕೊಳ್ಳುವ ಗಿಡ ಬೇಕು. ಹಸಿರೆಲೆಯ ಮೂರನ್ನು ಅದಕ್ಕೇ ಇಟ್ಟುಕೊಂಡಿದ್ದೇವೆ.